ಖಾಲಿ ಇಡೋಕೆ ಕಟ್ಟಿದ ಅಣೆಕಟ್ಟು

ಈ ವಾರವೆಲ್ಲ ನಮ್ಮನೆಯಲ್ಲಿ ಒಂದೇ ಮಾತು. "ಐವತ್ತು ವರ್ಷ ಆ ನೀರನ್ನ ಸುಮ್ನೆ ಬಿಟ್ಟಿದ್ರಲ್ಲೇ!" ಬೆಳಿಗ್ಗೆ ಕಾಫಿ ಹೊತ್ತಿಗೆ ಒಮ್ಮೆ, ರಾತ್ರಿ ಊಟಕ್ಕೆ ಕೂತಾಗ ಇನ್ನೊಮ್ಮೆ. ಹೇಳುವವರು ನಮ್ಮ ಅಪ್ಪಯ್ಯ. ಕಾರ್ಗಲ್ಲಿನ ಕೆಪಿಸಿ (ಕರ್ನಾಟಕ ವಿದ್ಯುತ್ ನಿಗಮ) ಕ್ವಾರ್ಟರ್ಸಿನಲ್ಲಿ ಆಯುಷ್ಯ ಕಳೆದು, ಶರಾವತಿ ಟರ್ಬೈನುಗಳ ಸದ್ದು ಕೇಳುತ್ತಲೇ ರಿಟೈರ್ ಆದವರು.

ಭಾನುವಾರ ಅವರನ್ನು ರೆಡ್ ರಾಕ್ ಅಣೆಕಟ್ಟಿಗೆ ಕರೆದುಕೊಂಡು ಹೋಗಿದ್ದೆವು. ಪೆಲ್ಲಾ ಊರಿನ ಪಕ್ಕದಲ್ಲಿದೆ. ಅಮೆರಿಕದ ಈ ಅಯೋವಾ ರಾಜ್ಯಕ್ಕೆ ಬಂದವರಿಗೆ ಮೆಕ್ಕೆಜೋಳದ ಹೊಲ ಬಿಟ್ಟರೆ ತೋರಿಸಲು ನಮ್ಮ ಹತ್ತಿರ ಜಾಸ್ತಿ ಏನಿಲ್ಲ. ಅಪ್ಪಯ್ಯನಿಗಾದರೆ ಒಂದು ಪವರ್ ಹೌಸ್ ತೋರಿಸಿದರೆ ಕಾಶಿಗೆ ಕರೆದುಕೊಂಡು ಹೋದ ಪುಣ್ಯ.

ಅಣೆಕಟ್ಟಿನ ಕೆಳಗೆ, ನೀರು ಹೊರಗೆ ಬರುವಲ್ಲಿ, ಮೀನು ಹಿಡಿಯುವವರು ಸಾಲಾಗಿ ಕೂತಿರುತ್ತಾರೆ. ಅಪ್ಪಯ್ಯ ಕಂಬಿ ಹಿಡಿದು ಬಗ್ಗಿ ನೋಡಿದರು. "ಒಂದೇ ಟರ್ಬೈನ್ ಯೂನಿಟ್ ಓಡ್ತಾ ಇದೆ. ಈ ಕಡೆ ನೀರು ಹೆಂಗೆ ಕುದೀತಾ ಇದೆ ನೋಡು. ಆ ಕಡೆ ಸತ್ತು ಬಿದ್ದಿದೆ." ನಾನೂ ನೋಡಿದೆ. ಅದು ನಿಜ. ಒಂದು ಬದಿಯಲ್ಲಿ ನೀರು ತಳದಿಂದ ಗುಮ್ಮನೆ ಉಬ್ಬಿ ಬಂದು ಸುತ್ತುತ್ತಿತ್ತು. ಪಕ್ಕದಲ್ಲೇ ಇನ್ನೊಂದು ಬದಿಯಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ನಿಂತಲ್ಲೇ ನಿಂತಿತ್ತು. ಇಷ್ಟು ವರ್ಷದಿಂದ ಇಲ್ಲಿಗೆ ಬರುತ್ತೇವೆ. ನಮಗೆ ಯಾರಿಗೂ ಕಂಡಿರಲಿಲ್ಲ.

ಇಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜನ ಹತ್ತಿರ ಅಪ್ಪಯ್ಯ ಮಾತಿಗಿಳಿದರು. ನಡುವೆ ದುಭಾಷಿ ನಾನು. ಅಣೆಕಟ್ಟು 1969ರದ್ದು, ಇಲ್ಲಿನ ಸೇನೆಯ ಎಂಜಿನಿಯರುಗಳ ದಳ ಕಟ್ಟಿದ್ದು. ಟರ್ಬೈನ್ ಕೂರಿಸುವ ಕೆಲಸ ಶುರುವಾಗಿದ್ದು 2014ರಲ್ಲಿ. ಇಷ್ಟು ಕೇಳಿದ್ದೇ ಅಪ್ಪಯ್ಯನ ಮುಖ ಸಣ್ಣಗಾಯಿತು.

"ಹಂಗಾದ್ರೆ ಅಲ್ಲಿವರೆಗೆ ಇಷ್ಟೂ ನೀರು ಸುಮ್ನೆ ಹರೀತಾ? ಕೇಳೇ."

ಕೇಳಿದೆ. ಅಜ್ಜ ಗಾಳದಿಂದ ಕಣ್ಣು ತೆಗೆಯಲಿಲ್ಲ. "ಸುಮ್ನೆ ಅಲ್ಲ. ನಿಧಾನಕ್ಕೆ ಹರೀತು. ಅದಕ್ಕೇ ಕಟ್ಟಿದ್ದು."

ಅಷ್ಟೇ. ಮತ್ತೆ ಮಾತಿಲ್ಲ. ಸ್ವಲ್ಪ ಸಿಡುಕಿನ ಮನುಷ್ಯ ಅನಿಸಿತು, ಆದರೆ ಮಾತು ಮಾತ್ರ ಕರಾರುವಾಕ್ಕು.

ಅಪ್ಪಯ್ಯನಿಗೆ ಇದು ನುಂಗಲಾಗದ ತುತ್ತು. ಯಾಕೆ ಅಂತ ನನಗೆ ಗೊತ್ತು. ನಮ್ಮ ಕಡೆ ಅಣೆಕಟ್ಟು ಅಂದರೆ ತುಂಬಬೇಕು. ಮಳೆಗಾಲದಲ್ಲಿ ನಮ್ಮನೆಯಲ್ಲಿ ಪೇಪರ್ ಬಂದ ಕೂಡಲೇ ಮೊದಲು ನೋಡುತ್ತಿದ್ದದ್ದು ಲಿಂಗನಮಕ್ಕಿ ಮಟ್ಟ. 1,819 ಅಡಿ ಮುಟ್ಟಿದರೆ ಆ ವರ್ಷ ಅಪ್ಪಯ್ಯ ಖುಷಿ, ಮುಟ್ಟದಿದ್ದರೆ ಮನೆಯಲ್ಲಿ ಸೂತಕ. ಕೆಆರ್‌ಎಸ್ 124.80 ಅಡಿಗೆ ಬಂದರೆ ಮುಖ್ಯಮಂತ್ರಿಗಳೇ ಹೋಗಿ ಬಾಗಿನ ಕೊಡುತ್ತಾರೆ. ಇಲ್ಲಿ ಲೆಕ್ಕವೇ ಉಲ್ಟಾ. ರೆಡ್ ರಾಕ್‌ನಲ್ಲಿ ನೀರು ಸಾಮಾನ್ಯವಾಗಿ ಸಮುದ್ರಮಟ್ಟದಿಂದ 742 ಅಡಿ ಎತ್ತರದಲ್ಲಿರುತ್ತದೆ. 780ರವರೆಗೂ ನಿಲ್ಲಿಸಬಹುದು. ನಡುವಿನ 38 ಅಡಿ ಬೇಕಂತಲೇ ಖಾಲಿ. ಡೆ ಮೊಯಿನ್ ನದಿ ಉಕ್ಕಿದಾಗ ಆ ಖಾಲಿ ಜಾಗದಲ್ಲಿ ಹಿಡಿದಿಟ್ಟುಕೊಂಡು, ಕೆಳಗಿನ ಅಟಮ್ವಾದಂಥ ಊರುಗಳು ತಡೆಯುವಷ್ಟು ಮಾತ್ರ ಬಿಡುವುದು. 1993ರ ಮಹಾಪ್ರವಾಹದಲ್ಲಿ 780ನ್ನೂ ದಾಟಿತ್ತು. ಇಲ್ಲಿ ಅಣೆಕಟ್ಟು ತುಂಬಿತು ಅಂದರೆ ಜನ ಮರಳಿನ ಚೀಲ ಹುಡುಕುತ್ತಾರೆ.

ಪ್ರವಾಹ ತಡೆಯೋಕೆ ಅಣೆಕಟ್ಟು ಖಾಲಿ ಇರಬೇಕು, ಕರೆಂಟಿಗೆ ತುಂಬಿರಬೇಕು. ಈ ಇಬ್ಬರ ಸಂಸಾರ ಹೇಗೆ? ರೆಡ್ ರಾಕ್‌ನಲ್ಲಿ ಉತ್ತರ ಸರಳ. ಎಷ್ಟು ನೀರು ಬಿಡಬೇಕು, ಯಾವಾಗ ಬಿಡಬೇಕು ಅನ್ನೋದು ಈಗಲೂ ಸೇನೆಯ ದಳದ್ದೇ ತೀರ್ಮಾನ. ಪವರ್ ಹೌಸಿನವರು ಬಿಟ್ಟ ನೀರನ್ನು ತಿರುಗಿಸಿಕೊಳ್ಳಬೇಕು ಅಷ್ಟೇ. ಒಂದು ಗೇಟ್ ಎತ್ತಿ ಅನ್ನುವ ಹಕ್ಕೂ ಅವರಿಗಿಲ್ಲ. ನೀರು ನಿಂತಿದ್ದ ಅಣೆಕಟ್ಟನ್ನೇ ಕೊರೆದು, ಎರಡು ಪೆನ್‌ಸ್ಟಾಕ್ (ಟರ್ಬೈನಿಗೆ ನೀರು ತರುವ ದೊಡ್ಡ ಕೊಳವೆ) ಹಾಯಿಸಿ, ಎರಡು ಕಪ್ಲಾನ್ ಟರ್ಬೈನ್ ಕೂರಿಸಲು ವರ್ಷಗಟ್ಟಲೆ ಹಿಡಿಯಿತು. ಇಷ್ಟೆಲ್ಲ ಮಾಡಿ ಸಿಗುವುದು ಮಾಮೂಲಿ ದಿನಗಳಲ್ಲಿ 36 ಮೆಗಾವ್ಯಾಟ್, ನೀರು ಏರಿ ನಿಂತಾಗ 55ರವರೆಗೆ. ಅಂದರೆ ಕರೆಂಟಿನವರ ಒಳ್ಳೆಯ ದಿನವೇ ಊರಿನವರ ಕೆಟ್ಟ ದಿನ.

"55ಕ್ಕೆ ಇಷ್ಟು ಗಲಾಟೆಯಾ? ನಮ್ಮ ಶರಾವತಿ 1,035" ಅಂದರು ಅಪ್ಪಯ್ಯ. ನಮ್ಮ ಯಜಮಾನರಿಗೆ ಇಂಥ ಸಮಯದಲ್ಲಿ ಸುಮ್ಮನಿರಲು ಬರುವುದಿಲ್ಲ. ಫೋನ್ ನೋಡಿ, "ಮಾವ, ಲಿಂಗನಮಕ್ಕಿ ಅಣೆಕಟ್ಟಿನ ಬುಡದಲ್ಲಿರೋ ಪವರ್ ಹೌಸ್ ಕೂಡ 55 ಮೆಗಾವ್ಯಾಟೇ" ಅಂದುಬಿಟ್ಟರು. ಅದೂ ನಿಜವೇ. ಅಣೆಕಟ್ಟು 1964ರದ್ದು, ಬುಡದ ಪವರ್ ಹೌಸ್ 1979ರ ಹೊತ್ತಿನದು. ನಮ್ಮವರೂ ಮೊದಲು ಕಟ್ಟಿ ಆಮೇಲೆ ಟರ್ಬೈನ್ ಕೂರಿಸಿದವರೇ. "ನಾವು ಹದಿನೈದು ವರ್ಷ ಕಾದಿದ್ದು, ಇವರ ಹಂಗೆ ಐವತ್ತಲ್ಲ" ಅಂತ ಅಪ್ಪಯ್ಯ ಕಾರಿನ ಕಿಟಕಿ ಕಡೆ ತಿರುಗಿದರು. ಮಾವ ಅಳಿಯ ಇಬ್ಬರೂ ಸೋಲು ಒಪ್ಪುವ ಜಾತಿಯಲ್ಲ.

ವಾಪಸ್ ಬರುವಾಗ ಕಾರ್ಡೋವಾ ಪಾರ್ಕಿನ ಗೋಪುರ ತೋರಿಸಿದೆ. ಹಳೆಯ ನೀರಿನ ಟ್ಯಾಂಕಿಗೆ ಮೆಟ್ಟಿಲು ಕಟ್ಟಿದ್ದಾರೆ. ಕಾರ್ಡೋವಾ ಅಂತ ಒಂದು ಊರಿತ್ತು, ಈಗ ಕೆರೆಯ ಅಡಿ ಇದೆ. ರೆಡ್ ರಾಕ್ ಅನ್ನುವ ಊರೂ ಹಾಗೇ. ಒಟ್ಟು ಆರು ಊರು ಹೋದವು. ಇದನ್ನು ಹೇಳಿದಾಗ ಅಪ್ಪಯ್ಯ ಏನೂ ಅನ್ನಲಿಲ್ಲ. ಅವರಮ್ಮನ ತವರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದೆ. ಉಳಿದ ನೆಂಟರು ತುಮರಿ ಕಡೆ ನೀರಿನಾಚೆ ಸಿಕ್ಕಿಕೊಂಡರು. ಅವರ ಮನೆಗಳಲ್ಲಿ ವರ್ಷಗಟ್ಟಲೆ ಸೀಮೆಎಣ್ಣೆ ಬುಡ್ಡಿ ಉರಿಯಿತು, ಅವರ ಗದ್ದೆ ಮುಳುಗಿಸಿದ ಕರೆಂಟು ಬೆಂಗಳೂರಿಗೆ ಹೋಯಿತು. ಲಾಂಚಿಗೆ ಕಾದೂ ಕಾದೂ, ಸಿಗಂದೂರಿನ ಸೇತುವೆ ಆಗಿದ್ದು 2025ರಲ್ಲಿ. ಇಲ್ಲಿ ರೆಡ್ ರಾಕ್ ಕರೆಂಟು ಸಣ್ಣ ಸಣ್ಣ ಊರುಗಳದ್ದೇ ಒಂದು ಕೂಟದ್ದು. ಪಕ್ಕದ ಪೆಲ್ಲಾ ಕೂಡ ಅದರಲ್ಲಿದೆ. ಇದು ಇವರ ಒಳ್ಳೆಯತನ ಅಂತ ನಾನು ಹೇಳುವುದಿಲ್ಲ. ಮುಳುಗಿದವರಿಗೆ ಇಲ್ಲೂ ಯಾರೂ ಬಿಲ್ ಮಾಫಿ ಮಾಡಿಲ್ಲ. ಆದರೂ ನೀರು ಕಾಣುವ ಊರಿಗೆ ಕರೆಂಟೂ ಬರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿನ್ನೆ ರಾತ್ರಿ ಅಪ್ಪಯ್ಯ ಕಾರ್ಗಲ್ಲಿನ ಹಳೇ ಸಹೋದ್ಯೋಗಿಗೆ ಫೋನ್ ಮಾಡಿ ಕೂಗಿ ಕೂಗಿ ಹೇಳುತ್ತಿದ್ದರು. "ಇಲ್ಲಿಯವ್ರು ಅಣೆಕಟ್ಟು ಖಾಲಿ ಇಡ್ತಾರೆ ಮಾರಾಯಾ!" ಆಮೇಲೆ ಅಜ್ಜನ ಮಾತು ಬಂತು. ನಿಧಾನಕ್ಕೆ ಹರೀತಂತೆ, ಅದಕ್ಕೇ ಕಟ್ಟಿದ್ದಂತೆ. ಆಮೇಲೆ, ಕಟ್ಟಿದ ಅಣೆಕಟ್ಟಿಗೇ ಟರ್ಬೈನ್ ಹಾಕಿದರೆ ಹೊಸದಾಗಿ ಯಾರೂ ಮುಳುಗುವುದಿಲ್ಲ ಅಂತ ಶುರುವಾಯಿತು. ಅಲ್ಲಿಂದ ನೇರವಾಗಿ ಶರಾವತಿ ಪಂಪ್ಡ್ ಸ್ಟೋರೇಜ್‌ಗೆ, ಅಂದರೆ ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡಿ ಬೇಕಾದಾಗ ಮತ್ತೆ ಬಿಟ್ಟು ಕರೆಂಟ್ ತೆಗೆಯುವ ಯೋಜನೆಗೆ, ಬಂದು ನಿಂತರು. ತಳಕಳಲೆ, ಗೇರುಸೊಪ್ಪ ಎರಡೂ ಮೊದಲೇ ಇರುವ ಅಣೆಕಟ್ಟು, ನೀರು ಮೇಲೆ ಕೆಳಗೆ ಆಡಿಸಿದರೆ 2,000 ಮೆಗಾವ್ಯಾಟ್, ಜನ ಯಾಕೆ ಬೊಬ್ಬೆ ಹಾಕ್ತಾರೆ ಅಂತ.

ನನಗೆ ತಡೆಯಲಾಗಲಿಲ್ಲ. "ಅಪ್ಪಯ್ಯ, ಎರಡರ ನಡುವೆ ಕಾಡಿದೆಯಲ್ಲ. ಸಿಂಗಳೀಕದ ಕಾಡು. ಸುರಂಗ, ರಸ್ತೆ ಎಲ್ಲ ಅದರಲ್ಲೇ ಅಲ್ವಾ? ಇಲ್ಲಿ ಅಣೆಕಟ್ಟಿನ ಬುಡದಲ್ಲೇ ಮುಗೀತು. ಅದೂ ಇದೂ ಒಂದೇನಾ?"

"ಯೂನಿಟ್ ಓಡಿಸಿದವನು ನಾನಾ ನೀನಾ?" ಅಂದರು. ಫೋನಿನ ಆ ಕಡೆಯಿಂದ ಅವರ ಗೆಳೆಯರು ಮಾತ್ರ ಸ್ಪೀಕರಿನಲ್ಲಿ, "ಹುಡುಗಿ ಹೇಳೋದ್ರಲ್ಲೂ ಪಾಯಿಂಟ್ ಇದೆ ಕಣೋ" ಅಂದರು. ಅಪ್ಪಯ್ಯ ತಕ್ಷಣ ಸ್ಪೀಕರ್ ಆಫ್ ಮಾಡಿದರು.