ಮೇಲುಕೋಟೆಯ ಬೆಳದಿಂಗಳನ್ನು ಕ್ಯಾಮೆರಾದಲ್ಲಿ ಹಿಡಿಯಲು ಹೊರಡುವವರಿಗೆ

ಬೆಳದಿಂಗಳ ಫೋಟೊ ತೆಗೆಯಲು ಮೇಲುಕೋಟೆಗೆ ಹೋಗುವವರು ಹೆಚ್ಚಾಗಿ ಹುಣ್ಣಿಮೆಯ ದಿನ ನೋಡಿಕೊಂಡು ಹೊರಡುತ್ತಾರೆ. ಒಂದು ದಿನ ಮೊದಲು, ಚತುರ್ದಶಿಯ ಸಂಜೆಗೆ ಹೋಗಿ. ಹುಣ್ಣಿಮೆಯ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ. ಧೂಳು, ಮಬ್ಬು ದಾಟಿ ಅವನು ಸ್ಪಷ್ಟವಾಗಿ ಕಾಣುವಷ್ಟರಲ್ಲಿ ಆಕಾಶ ಕಪ್ಪಾಗಿರುತ್ತದೆ. ಆಗ ಚಂದ್ರನ ಕಲೆಗಳು ಕಾಣುವಂತೆ ತೆಗೆದರೆ ಗೋಪುರ ಕತ್ತಲಲ್ಲಿ ಮುಳುಗುತ್ತದೆ, ಗೋಪುರ ಕಾಣುವಂತೆ ತೆಗೆದರೆ ಚಂದ್ರ ಬರೀ ಬಿಳಿ ಚುಕ್ಕೆ. ಹಿಂದಿನ ದಿನವಾದರೆ ಸುಮಾರು ಐವತ್ತು ನಿಮಿಷ ಮೊದಲೇ ಹುಟ್ಟಿರುತ್ತಾನೆ. ಸೂರ್ಯ ಮುಳುಗಿದ ಮೇಲಿನ ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಕಲ್ಲಿನ ಮೇಲಿನ ಬೆಳಕೂ ಚಂದ್ರನ ಹೊಳಪೂ ಒಂದೇ ಫೋಟೊದಲ್ಲಿ ಹಿಡಿಸುವಷ್ಟು ಹತ್ತಿರ ಬರುತ್ತವೆ.

ಗೋಡೆಯ ಕ್ಯಾಲೆಂಡರ್ ನೋಡುವಾಗ ಒಂದು ಎಚ್ಚರ. ಅದರಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ಸೂರ್ಯೋದಯದ ತಿಥಿ. ಹುಣ್ಣಿಮೆ ಬೆಳಿಗ್ಗೆ ಒಂಬತ್ತಕ್ಕೇ ಮುಗಿದಿದ್ದರೆ ಆ ಸಂಜೆಯ ಚಂದ್ರ ಆಗಲೇ ಪಾಡ್ಯದವನು, ಸೂರ್ಯ ಮುಳುಗಿದ ಮೇಲೆ ತಡವಾಗಿ ಹುಟ್ಟುತ್ತಾನೆ. ಆದ್ದರಿಂದ ಪಂಚಾಂಗದಲ್ಲಿ ತಿಥಿ ಮುಗಿಯುವ ಗಂಟೆ ನೋಡಿ. ಮೊಬೈಲಿನಲ್ಲಿ ಆಕಾಶ ತೋರಿಸುವ ಸ್ಟೆಲೇರಿಯಂ ಆ್ಯಪ್ ಹಾಕಿಕೊಂಡರೆ ಆ ದಿನ ಚಂದ್ರ ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ ಹುಟ್ಟುತ್ತಾನೆ ಎಂಬುದೂ ಸಿಗುತ್ತದೆ. ದಿಕ್ಕು ಮುಖ್ಯ: ಪುಷ್ಯ ಮಾಸದ ಹುಣ್ಣಿಮೆ ಚಂದ್ರ ಈಶಾನ್ಯಕ್ಕೆ ವಾಲಿ ಹುಟ್ಟುತ್ತಾನೆ, ಜೂನ್ ತಿಂಗಳವನು ಆಗ್ನೇಯಕ್ಕೆ. ಒಂದೇ ಜಾಗದಲ್ಲಿ ವರ್ಷವಿಡೀ ಒಂದೇ ಫೋಟೊ ಸಿಗುವುದಿಲ್ಲ.

ಮೈಸೂರಿನಿಂದ ಮೇಲುಕೋಟೆ ಸುಮಾರು ಐವತ್ತು ಕಿಲೋಮೀಟರು. ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಹೋಗಬಹುದು. ಮಧ್ಯಾಹ್ನ ಊಟ ಮುಗಿಸಿ ಹೊರಟರೆ ದಾರಿಯಲ್ಲಿ ತೊಣ್ಣೂರು ಕೆರೆ ನೋಡಿಕೊಂಡೂ ನಾಲ್ಕೂವರೆಗೆ ತಲುಪಬಹುದು. ರಾತ್ರಿ ವಾಪಸಾಗಬೇಕಾದ್ದರಿಂದ ಸ್ವಂತ ಗಾಡಿ ಇರಲಿ. ಬೆಳಕಿರುವಾಗಲೇ ಕಲ್ಯಾಣಿಯ ಸುತ್ತ ಒಮ್ಮೆ ನಡೆದು ಯಾವ ಮೆಟ್ಟಿಲು ಪಾಚಿ ಕಟ್ಟಿದೆ, ಯಾವ ಮೂಲೆಗೆ ಬೀದಿದೀಪ ಬೀಳುತ್ತದೆ ಎಂದು ಗುರುತು ಮಾಡಿಕೊಳ್ಳಿ. ರಾಯಗೋಪುರದ ಕಡೆ ರಾತ್ರಿ ಹೋಗಬಹುದೇ ಎಂದು ಊರವರನ್ನು ಆಗಲೇ ಕೇಳಿಕೊಳ್ಳಿ. ಊರಿನ ಹೊರಗಿನ ಬಂಡೆಗಳ ಮೇಲೆ ಕತ್ತಲಾದ ಮೇಲೆ ಒಬ್ಬರೇ ಹೋಗುವುದು ಬೇಡವೇ ಬೇಡ. ಸುತ್ತಲಿರುವುದು ತೋಳಗಳಿಗಾಗಿ ಕಾಪಾಡಿಕೊಂಡು ಬಂದಿರುವ ವನ್ಯಜೀವಿಧಾಮ, ಮಂಡ್ಯ ಜಿಲ್ಲೆಯಲ್ಲಿ ಚಿರತೆಯ ಓಡಾಟವೂ ಇದೆ.

ಗೋಪುರದ ಪಕ್ಕ ದೊಡ್ಡ ಚಂದ್ರ ಬೇಕೆಂದರೆ ಗೋಪುರದಿಂದ ದೂರ ಹೋಗಬೇಕು. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ ಮಾತ್ರ. ಯಾವುದೇ ವಸ್ತುವಿನಿಂದ ಅದರ ಅಗಲದ ಸುಮಾರು 115 ಪಟ್ಟು ದೂರದಲ್ಲಿ ನಿಂತರೆ ಅದು ಚಂದ್ರನಷ್ಟೇ ಅಗಲ ಕಾಣುತ್ತದೆ. ಐದು ಮೀಟರ್ ಅಗಲದ ಮಂಟಪ ಚಂದ್ರನಿಗೆ ಸರಿಸಮ ಕಾಣಬೇಕಾದರೆ 575 ಮೀಟರ್ ದೂರ ಬೇಕು. ಬೆಟ್ಟದ ಮೇಲಿನ ಯೋಗನರಸಿಂಹ ಸ್ವಾಮಿ ಗುಡಿಗೂ ಇದೇ ಲೆಕ್ಕ. ಚಂದ್ರ ಪೂರ್ವದಲ್ಲಿ ಹುಟ್ಟುವುದರಿಂದ ನೀವು ಗುಡಿಯ ಪಶ್ಚಿಮಕ್ಕಿರಬೇಕು. ಲೆನ್ಸ್ 200 ಮಿ.ಮೀ.ಗಿಂತ ಕಡಿಮೆ ಇದ್ದರೆ ಪ್ರಯೋಜನವಿಲ್ಲ. 18 ಮಿ.ಮೀ. ಲೆನ್ಸಿನಲ್ಲಿ ಚಂದ್ರ ಸೆನ್ಸರಿನ ಮೇಲೆ ಒಂದು ಮಿಲಿಮೀಟರಿನ ಆರನೇ ಒಂದು ಭಾಗದಷ್ಟೇ ಬೀಳುತ್ತಾನೆ, 300 ಮಿ.ಮೀ.ನಲ್ಲಿ ಎರಡೂಮುಕ್ಕಾಲು ಮಿಲಿಮೀಟರು. ಚೆನ್ನಾಗಿ ಮೇಲೇರಿದ ಚಂದ್ರನಿಗೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್ (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) 11, ಶಟರ್ (ಬೆಳಕು ಒಳಬರುವ ಹೊತ್ತು) 1/100 ಸೆಕೆಂಡು ಸರಿಹೋಗುತ್ತದೆ. ಕೆಳಗೆ ಕೆಂಪಗಿರುವಾಗ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಹೆಚ್ಚು ಕೊಡಿ. ಶಟರ್ ಕಾಲು ಸೆಕೆಂಡಿಗಿಂತ ಉದ್ದವಾಗದಿರಲಿ. ಚಂದ್ರ ತನ್ನ ಅಗಲದಷ್ಟು ದೂರವನ್ನು ಎರಡೇ ನಿಮಿಷದಲ್ಲಿ ಜರುಗುತ್ತಾನೆ, 300 ಮಿ.ಮೀ.ನಲ್ಲಿ ಒಂದು ಸೆಕೆಂಡಿಗೇ ಅಂಚು ಮಸುಕಾಗುತ್ತದೆ.

ಕತ್ತಲಾದ ಮೇಲೆ ಚಂದ್ರನಿಗೆ ಬೆನ್ನು ಹಾಕಿ, ಅವನ ಬೆಳಕು ಬಿದ್ದ ಕಲ್ಲನ್ನು ತೆಗೆಯಿರಿ. ಈ ಪ್ರಯಾಣದ ನಿಜವಾದ ಫಲ ಅದೇ. ಕಲ್ಯಾಣಿಯ ಮೆಟ್ಟಿಲುಗಳಿಗೆ ಪಕ್ಕದಿಂದ ಬೆಳಕು ಬಿದ್ದಾಗ ಒಂದೊಂದು ಮೆಟ್ಟಿಲಿನ ಅಂಚೂ ಬೆಳ್ಳಗೆ ಗೆರೆ ಎಳೆದಂತೆ ಕಾಣುತ್ತದೆ, ಅದರ ಕೆಳಗೆ ಅಷ್ಟೇ ಕಪ್ಪು ನೆರಳು. ಇದಕ್ಕೆ ಚಂದ್ರ ಹುಟ್ಟಿ ಒಂದೂವರೆಯಿಂದ ಮೂರು ಗಂಟೆಯ ಒಳಗಿನ ಹೊತ್ತು ಸರಿ. ನಮ್ಮ ಕಡೆ ಚಂದ್ರ ಬಹುತೇಕ ನೆಟ್ಟಗೆ ಮೇಲೇರುತ್ತಾನೆ, ಗಂಟೆಗೆ ಸುಮಾರು ಹದಿನೈದು ಡಿಗ್ರಿ. ಚಳಿಗಾಲದ ಮಧ್ಯರಾತ್ರಿಗೆ ನೆತ್ತಿಯ ಮೇಲೇ ಇರುತ್ತಾನೆ. ನೆರಳೆಲ್ಲ ಕಾಲಡಿಗೆ ಸೇರಿ ಕಲ್ಲು ಚಪ್ಪಟೆಯಾಗುತ್ತದೆ. ರಾತ್ರಿ ಹತ್ತರ ಮೇಲೆ ಕಾಯುವುದರಲ್ಲಿ ಲಾಭ ಕಡಿಮೆ.

ಹೀಗೆ ಬೆಳದಿಂಗಳು ಬಿದ್ದ ಕಲ್ಲನ್ನು ತೆಗೆಯಲು ಕ್ಯಾಮೆರಾ ಜೊತೆ ಬರುವ 18–55 ಲೆನ್ಸೇ ಸಾಕು. ಎಫ್ 3.5, ಐಎಸ್‌ಒ 800, ಹತ್ತು ಸೆಕೆಂಡಿನಿಂದ ಶುರು ಮಾಡಿ. ಅಷ್ಟಮಿಯ ಆಸುಪಾಸಿನಲ್ಲಿ ಹೋದವರು ಅರ್ಧ ಚಂದ್ರ ಅಂದರೆ ಅರ್ಧ ಬೆಳಕು ಎಂದುಕೊಳ್ಳುತ್ತಾರೆ. ನಿಜಕ್ಕೂ ಹುಣ್ಣಿಮೆಯ ಹತ್ತನೇ ಒಂದು ಭಾಗ ಮಾತ್ರ. ಚಂದ್ರನ ಮೇಲೆ ಓರೆಯಾಗಿ ಬಿಸಿಲು ಬಿದ್ದಾಗ ಅಲ್ಲಿನ ಗುಡ್ಡ, ಗುಂಡಿ, ಒರಟು ನೆಲಗಳ ನೆರಳೇ ಬೆಳಕನ್ನು ನುಂಗುತ್ತದೆ. ಆಗ ಐಎಸ್‌ಒ 3200, ಇಪ್ಪತ್ತೈದು ಸೆಕೆಂಡು ಬೇಕಾಗುತ್ತದೆ, ಆದರೆ 18 ಮಿ.ಮೀ.ನಲ್ಲಿ ಸುಮಾರು ಹದಿನೆಂಟು ಸೆಕೆಂಡು ದಾಟಿದರೆ ನಕ್ಷತ್ರಗಳು ಗೆರೆಯಾಗಲು ಶುರು.

ಹೆಚ್ಚು ಫೋಟೊ ಕೆಡುವುದು ಫೋಕಸ್‌ನಲ್ಲಿ. ಕತ್ತಲಲ್ಲಿ ಆಟೊಫೋಕಸ್ ಹಿಂದೆ ಮುಂದೆ ಹುಡುಕಾಡಿ ಎಲ್ಲೋ ನಿಲ್ಲುತ್ತದೆ. ಲೆನ್ಸಿನ ಮೇಲಿನ ಅನಂತದ ಗುರುತನ್ನೂ ನಂಬಬೇಡಿ. ಲೈವ್ ವ್ಯೂ (ದೃಶ್ಯವನ್ನು ಹಿಂಬದಿಯ ಪರದೆಯಲ್ಲಿ ತೋರಿಸುವುದು) ಹಾಕಿ, ದೂರದ ದೀಪವನ್ನೋ ಚಂದ್ರನ ಅಂಚನ್ನೋ ಹತ್ತು ಪಟ್ಟು ದೊಡ್ಡದು ಮಾಡಿ, ಕೈಯಿಂದ ರಿಂಗ್ ತಿರುಗಿಸಿ ಚುಕ್ಕೆ ಅತಿ ಚಿಕ್ಕದಾಗುವಲ್ಲಿ ನಿಲ್ಲಿಸಿ. ಮುಂದಿನ ಮೆಟ್ಟಿಲೂ ಸ್ಪಷ್ಟವಾಗಿ ಬೇಕೆಂದರೆ ಐದು ಮೀಟರ್ ದೂರದ ಮೆಟ್ಟಿಲಿಗೆ ಟಾರ್ಚ್ ಬಿಟ್ಟು ಅಲ್ಲಿಗೆ ಫೋಕಸ್ ಮಾಡಿ. 18–55 ಲೆನ್ಸಿನೊಂದಿಗೆ ಬರುವಂಥ, ಎಪಿಎಸ್-ಸಿ ಎಂಬ ಅಳತೆಯ ಸೆನ್ಸರಿನ ಸಾಮಾನ್ಯ ಕ್ಯಾಮೆರಾದಲ್ಲಿ 18 ಮಿ.ಮೀ., ಎಫ್ 3.5ಕ್ಕೆ ಎರಡೂವರೆ ಮೀಟರಿನಿಂದ ಬೆಟ್ಟದ ತುದಿವರೆಗೆ ಸರಿಯಾಗಿ ಬರುತ್ತದೆ. ಆಮೇಲೆ ಝೂಮ್ ಮುಟ್ಟಬೇಡಿ. ಕೆಲವು ಲೆನ್ಸ್‌ಗಳು ಕ್ಯಾಮೆರಾ ಆಫ್ ಮಾಡಿದರೆ ಫೋಕಸ್ ಕಳೆದುಕೊಳ್ಳುತ್ತವೆ, ಪ್ರತಿ ಸಲ ಮತ್ತೆ ನೋಡಿ.

ಎರಡನೆಯದು ಅಲುಗಾಟ. ಟ್ರೈಪಾಡಿನ ಮೇಲಿರುವಾಗ ಲೆನ್ಸಿನ ಸ್ಟೆಬಿಲೈಸೇಷನ್ ಆಫ್ ಮಾಡಿ, ಎರಡು ಸೆಕೆಂಡ್ ಟೈಮರ್ ಇಡಿ. ಬೆಟ್ಟದ ಗಾಳಿಗೆ ಟ್ರೈಪಾಡಿನ ನಡುಗಂಬಕ್ಕೆ ಬ್ಯಾಗ್ ನೇತುಹಾಕುವುದು ಒಳ್ಳೆಯದು, ಆದರೆ ಬ್ಯಾಗಿನ ತಳ ನೆಲಕ್ಕೆ ತಾಗಿರಲಿ. ತೂಗಾಡುವ ಬ್ಯಾಗ್ ಇಲ್ಲದ ಅಲುಗಾಟ ತರುತ್ತದೆ. ಮೂರನೆಯದು ಕಣ್ಣಿನ ಮೋಸ: ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಹಿಂಬದಿಯ ಪರದೆ ಬಹಳ ಬೆಳಕಾಗಿ ಕಾಣುತ್ತದೆ, ಮನೆಗೆ ಬಂದು ನೋಡಿದರೆ ಎಲ್ಲ ಕಪ್ಪು. ಪರದೆಯ ಬೆಳಕು ತಗ್ಗಿಸಿ, ಹಿಸ್ಟೋಗ್ರಾಮ್ (ಫೋಟೊದಲ್ಲಿ ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿ. ಅದರ ದಿಬ್ಬ ಎಡಗಡೆಯ ಮೂರನೇ ಒಂದು ಭಾಗದಲ್ಲಿರಲಿ, ಎಡ ಗೋಡೆಗೆ ಅಂಟಿಕೊಳ್ಳದಿರಲಿ. ಮಧ್ಯಕ್ಕೆ ತಂದರೆ ಮಧ್ಯಾಹ್ನದ ಫೋಟೊದಂತೆ ಕಾಣುತ್ತದೆ, ಬೆಳದಿಂಗಳ ಗುಣವೇ ಹೋಗುತ್ತದೆ. ಕಪ್ಪಾಗಿ ತೆಗೆದು ಕಂಪ್ಯೂಟರಿನಲ್ಲಿ ಎತ್ತುವುದಕ್ಕಿಂತ ಅಲ್ಲೇ ಐಎಸ್‌ಒ ಏರಿಸಿದರೆ ಫೋಟೊ ಕಾಳುಕಾಳಾಗುವುದು ಕಡಿಮೆ. ರಾ ಫೈಲ್‌ನಲ್ಲೇ (ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ಫೈಲ್) ತೆಗೆಯಿರಿ, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಹೊಂದಾಣಿಕೆ) 4000 ಕೆಲ್ವಿನ್ ಆಸುಪಾಸಿರಲಿ.

ಡಿಸೆಂಬರ್, ಜನವರಿಯಲ್ಲಿ ನೀರಿನ ಹತ್ತಿರ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಫೋಟೊ ಇದ್ದಕ್ಕಿದ್ದಂತೆ ಮಸುಕಾಗಿ, ದೀಪಗಳ ಸುತ್ತ ಹೊಗೆ ಕಂಡರೆ ಅದೇ ಕಾರಣ. ಹುಡ್ ಹಾಕಿರಿ, ತೆಗೆಯದಿರುವಾಗ ಮುಚ್ಚಳ ಮುಚ್ಚಿ, ಒಣ ಮೈಕ್ರೋಫೈಬರ್ ಬಟ್ಟೆ ಒಳಜೇಬಿನಲ್ಲಿರಲಿ. ಉದ್ದ ಶಟರಿಗೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಇನ್ನೊಂದು ಜೊತೆಗಿರಲಿ. ಸ್ನಾನಕ್ಕೆ ಇಳಿದವರ ಕಡೆ ಕ್ಯಾಮೆರಾ ತಿರುಗಿಸಬೇಡಿ, ಮೆಟ್ಟಿಲಿನ ದಾರಿಗೆ ಅಡ್ಡ ಟ್ರೈಪಾಡ್ ಇಡಬೇಡಿ.

ಮೊಬೈಲಿನವರಿಗೂ ಇಲ್ಲಿ ಕೆಲಸವಿದೆ, ಆದರೆ ಕೈಯಲ್ಲಿ ಹಿಡಿದಲ್ಲ. ಈಗಿನ ಹಲವು ಫೋನುಗಳ ನೈಟ್ ಮೋಡ್, ಫೋನು ಅಲುಗಾಡದೆ ನಿಂತಿದೆ ಎಂದು ಗೊತ್ತಾದರೆ ತಾನಾಗಿಯೇ ಹೆಚ್ಚು ಹೊತ್ತು ಬೆಳಕು ಹಿಡಿಯುತ್ತದೆ. ಚಿಕ್ಕ ಸ್ಟ್ಯಾಂಡಿಗೆ ಕೂರಿಸಿ, ಮೂರು ಸೆಕೆಂಡ್ ಟೈಮರ್ ಇಟ್ಟು, ಫ್ಲ್ಯಾಶ್ ಆಫ್ ಮಾಡಿ. ಒಂದಕ್ಕಿಂತ ಹೆಚ್ಚು ಲೆನ್ಸ್ ಇದ್ದರೆ ಮುಖ್ಯ ಲೆನ್ಸನ್ನೇ ಬಳಸಿ, ಉಳಿದವುಗಳ ಸೆನ್ಸರ್ ಸಾಮಾನ್ಯವಾಗಿ ಚಿಕ್ಕದು. ವೈರಮುಡಿ ಉತ್ಸವದ ರಾತ್ರಿಗೆ ಹೋಗುವವರ ಲೆಕ್ಕವೇ ಬೇರೆ: ಜನಜಂಗುಳಿಯಲ್ಲಿ ಟ್ರೈಪಾಡಿಗೆ ಜಾಗವಿಲ್ಲ. 50 ಮಿ.ಮೀ. ಎಫ್ 1.8 ಲೆನ್ಸ್, ಐಎಸ್‌ಒ 3200, ಶಟರ್ 1/125 ಇಟ್ಟುಕೊಳ್ಳಿ.

ಮರುದಿನ ಭಾನುವಾರವಾಗಿದ್ದರೆ ಮೈಸೂರು ಅರಮನೆಯ ದೀಪಾಲಂಕಾರವನ್ನೂ ಸೇರಿಸಿಕೊಳ್ಳಿ. ದೀಪ ಹೊತ್ತುವುದು ಸಂಜೆ ಏಳಕ್ಕೆ, ಇರುವುದು ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ಸಮಯ ಮೊದಲೇ ವಿಚಾರಿಸಿಕೊಳ್ಳಿ. ಮೇ, ಜೂನ್, ಜುಲೈನಲ್ಲಿ ಸೂರ್ಯ ಮುಳುಗುವುದು ಏಳಕ್ಕೆ ಹತ್ತಿಪ್ಪತ್ತು ನಿಮಿಷ ಮೊದಲು, ಹಾಗಾಗಿ ದೀಪ ಹೊತ್ತಿದ ಮೊದಲ ಹತ್ತು ನಿಮಿಷ ಆಕಾಶ ಇನ್ನೂ ನೀಲಿ. ಡಿಸೆಂಬರಿನಲ್ಲಿ ಆರಕ್ಕೇ ಮುಳುಗುವುದರಿಂದ ಆ ನೀಲಿ ಸಿಗದು. ಐಎಸ್‌ಒ 100, ಎಫ್ 8, ಎರಡು ಸೆಕೆಂಡಿನಿಂದ ಶುರು ಮಾಡಿ, ಬಲ್ಬುಗಳ ಸಾಲು ಒಂದಕ್ಕೊಂದು ಕರಗಿ ಬಿಳಿ ಪಟ್ಟಿಯಾಗಿದ್ದರೆ ಒಂದು ಸೆಕೆಂಡಿಗೆ, ಅರ್ಧ ಸೆಕೆಂಡಿಗೆ ಇಳಿಸಿ. ವೈಟ್ ಬ್ಯಾಲೆನ್ಸ್ 3000 ಕೆಲ್ವಿನ್. ಟ್ರೈಪಾಡ್ ಒಳಗೆ ಬಿಡುತ್ತಾರೋ ಇಲ್ಲವೋ ದ್ವಾರದಲ್ಲೇ ಕೇಳಿ. ಬಿಡದಿದ್ದರೆ ಕಟ್ಟೆಯ ಮೇಲೆ ಬ್ಯಾಗ್ ಇಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ, ಟೈಮರ್ ಬಳಸಿ.