ಆಲೂಗಡ್ಡೆ ಹಸಿರಾಗುವುದು ಎಲ್ಲಿಂದ ಶುರು? ಹಿತ್ತಲಿನ ಮೂರು ಸಾಲಿನ ದಿನಚರಿ

ಮೇ 28. ಹಾಸನದಿಂದ ಕುಫ್ರಿ ಜ್ಯೋತಿ ಅನ್ನುವ ತಳಿಯ ಬಿತ್ತನೆ ಆಲೂಗಡ್ಡೆ ತಂದು ಹಿತ್ತಲಲ್ಲಿ ಮೂರು ಸಾಲು ಹಾಕಿದೆ. ಹೋದ ವರ್ಷ ಕಿತ್ತ ಗಡ್ಡೆಯಲ್ಲಿ ಒಂದು ಪುಟ್ಟಿಯಷ್ಟು ಹಸಿರಾಗಿ, ಎಸೆಯುವಾಗ ಹೊಟ್ಟೆ ಉರಿದಿತ್ತು. ಈ ಸಲ ಕಾರಣ ನೋಡಲೇಬೇಕು. ಮೊದಲ ಸಾಲಿಗೆ ಎರಡು ಸಲ ಮಣ್ಣು ಏರಿಸುತ್ತೇನೆ, ಎರಡನೆಯದಕ್ಕೆ ಒಂದೇ ಸಲ. ಮೂರನೆಯದು ಹಾಗೇ ಇರಲಿ.

ಜುಲೈ 19. ನಾಲ್ಕು ದಿನ ಬಿಡದೆ ಮಳೆ. ಮೂರನೇ ಸಾಲಿನಲ್ಲಿ ಮಣ್ಣು ಕೊಚ್ಚಿಹೋಗಿ, ನಿಂಬೆಹಣ್ಣಿನ ಗಾತ್ರದ ಗಡ್ಡೆಯೊಂದು ಹೊರಗೆ ಇಣುಕುತ್ತಿತ್ತು. ಕೈಯಲ್ಲಿ ಬಿಡಿಸಿ ನೋಡಿದೆ. ಬಿಸಿಲಿಗೆ ಬಿದ್ದ ಅರ್ಧ ಹಸಿರು, ಮಣ್ಣೊಳಗಿದ್ದ ಅರ್ಧ ತಿಳಿ ಹಳದಿ. ನಡುವೆ ಗೆರೆ ಎಳೆದ ಹಾಗಿತ್ತು! ಆಲೂಗಡ್ಡೆ ಬೇರಲ್ಲ, ಮಣ್ಣೊಳಗೆ ಊದಿಕೊಂಡ ಕಾಂಡ. ಬೆಳಕು ಕಂಡರೆ ಅದೂ ಎಲೆಯ ಹಾಗೆ ಕ್ಲೋರೋಫಿಲ್ ಅನ್ನುವ ಹಸಿರು ಬಣ್ಣ ಮಾಡಿಕೊಳ್ಳುತ್ತದೆ. ಹೊಸ ಗಡ್ಡೆಗಳು ಬಿತ್ತನೆ ಗಡ್ಡೆಗಿಂತ ಮೇಲೆ ಕಟ್ಟುವುದರಿಂದಲೇ ಬುಡಕ್ಕೆ ಮಣ್ಣು ಬೇಕು.

ಆಗಸ್ಟ್ 30. ಸಿಪ್ಪೆ ಗಟ್ಟಿಯಾಗಲಿ ಅಂತ ಹತ್ತು ದಿನ ಮೊದಲೇ ಗಿಡ ಕೊಯ್ದಿದ್ದೆ. ಇವತ್ತು ಕಿತ್ತೆ. ಹಸಿರು ಗಡ್ಡೆ ಮೊದಲ ಸಾಲಿನಲ್ಲಿ 1, ಎರಡನೆಯದರಲ್ಲಿ 4, ಮೂರನೆಯದರಲ್ಲಿ 13. ಎರಡನೇ ಸಲ ಮಣ್ಣು ಏರಿಸಲು ಹಿಡಿದದ್ದು ಅರ್ಧ ಗಂಟೆ, ಅಷ್ಟೇ.

ಸೆಪ್ಟೆಂಬರ್ 2. ಈಗ ಮನೆಯೊಳಗಿನ ಪರೀಕ್ಷೆ. ಚೆನ್ನಾಗಿರುವ ಆರಾರು ಗಡ್ಡೆ: ಕಿಟಕಿ ಪಕ್ಕದ ಬುಟ್ಟಿಯಲ್ಲಿ, ಟ್ಯೂಬ್‌ಲೈಟ್ ಕೆಳಗಿನ ಶೆಲ್ಫ್‌ನಲ್ಲಿ, ಉಗ್ರಾಣದ ಕತ್ತಲಲ್ಲಿ ಗೋಣಿಚೀಲದೊಳಗೆ, ಫ್ರಿಜ್‌ನಲ್ಲಿ. ಬುಟ್ಟಿಯ ಆರರಲ್ಲಿ ಮೂರನ್ನು ತೊಳೆದೆ.

ಸೆಪ್ಟೆಂಬರ್ 11. ತೊಳೆದ ಮೂರೂ ಕಣ್ಣಿನ (ಮೊಳಕೆ ಬರುವ ಗುಳಿಯ) ಸುತ್ತ ಹಸಿರು. ಮಣ್ಣು ಮೆತ್ತಿಕೊಂಡಿದ್ದವು ಇನ್ನೂ ಪರವಾಗಿಲ್ಲ, ಆ ಮಣ್ಣೇ ಅವಕ್ಕೆ ನೆರಳು. ಟ್ಯೂಬ್‌ಲೈಟ್ ಕೆಳಗಿನವೂ ಬಣ್ಣ ತಿರುಗಿವೆ, ಬಿಸಿಲೇ ಬೇಕಂತಿಲ್ಲ. ಗೋಣಿಯವು ಕಿತ್ತ ದಿನದ ಹಾಗೇ ಇವೆ. ಫ್ರಿಜ್‌ನವೂ ಹಸಿರಾಗಿಲ್ಲ, ಆದರೆ ಪಲ್ಯಕ್ಕೆ ಹುರಿದರೆ ಬೇಗ ಕಂದಿಹೋದವು, ರುಚಿಯೂ ಸಿಹಿ ಸಿಹಿ. ಜಾಸ್ತಿ ತಣ್ಣಗಾದರೆ ಪಿಷ್ಟ ಸಕ್ಕರೆಯಾಗುತ್ತದೆ. ಹಾಗಾಗಿ ಫ್ರಿಜ್ ಬೇಡ.

"ಹಸಿರಾಗಿದ್ದರೇನು, ಬೇಯಿಸಿದರೆ ಎಲ್ಲ ಹೋಗುತ್ತೆ ಬಿಡು" ಅಂದರು ಅಮ್ಮ. ಹೋಗುವುದಿಲ್ಲ ಅಮ್ಮ. ಹಸಿರು ಬಣ್ಣದಿಂದ ತೊಂದರೆಯಿಲ್ಲ. ಆದರೆ ಅದೇ ಬೆಳಕಿಗೆ ಸೊಲನೈನ್, ಚಾಕೊನೈನ್ ಅನ್ನುವ ಕಹಿ ವಿಷಗಳೂ ಹೆಚ್ಚುತ್ತವೆ, ಅವು ನೀರಲ್ಲಿ ಕುದಿಸಿದರೆ ನಾಶವಾಗುವುದಿಲ್ಲ. ಹೆಚ್ಚಾಗಿ ಸಿಪ್ಪೆಯಲ್ಲಿ, ಅದರ ಕೆಳಗೆ, ಕಣ್ಣು ಮತ್ತು ಮೊಳಕೆಯಲ್ಲಿ ಸೇರಿಕೊಳ್ಳುತ್ತವೆ. ಸಣ್ಣ ಕಲೆಯಾದರೆ ದಪ್ಪಗೆ ಕೆತ್ತಿ ತೆಗೆಯುತ್ತೇನೆ. ಪೂರ್ತಿ ಹಸಿರಾದದ್ದು, ಕಹಿಯಾದದ್ದು ಮಕ್ಕಳ ತಟ್ಟೆಗೆ ಹೋಗಲೇಬಾರದು.

ಅಕ್ಟೋಬರ್ 25. ಹಿತ್ತಲಲ್ಲೇ ಹಸಿರಾಗಿದ್ದ ಆರು ಗಡ್ಡೆಗಳನ್ನು ಎಸೆಯದೆ, ನೇರ ಬಿಸಿಲು ಬೀಳದ ಜಗಲಿಯಲ್ಲಿ ಹರಡಿಟ್ಟಿದ್ದೆ. ಬಿತ್ತನೆಗಾದರೆ ಹಸಿರು ದೋಷವಲ್ಲ. ಇವತ್ತು ಗೋಣಿಚೀಲ ಬಿಚ್ಚಿ ಎರಡನ್ನೂ ಪಕ್ಕಪಕ್ಕ ಇಟ್ಟೆ. ಕತ್ತಲಲ್ಲಿದ್ದವಕ್ಕೆ ಬೆರಳುದ್ದದ ಬಿಳಿಚಿದ ಮೊಳಕೆ, ಮುಟ್ಟಿದರೆ ಮುರಿಯುತ್ತವೆ. ಜಗಲಿಯವಕ್ಕೆ ಗಿಡ್ಡನೆಯ, ದಪ್ಪನೆಯ ಮೊಳಕೆ, ಕಣ್ಣಿಗೆ ಅಂಟಿಕೊಂಡು ನಿಂತಿವೆ. ನಾಳೆ ಆ ಆರನ್ನೂ ನೆಡುತ್ತೇನೆ, ಆಳವಾಗಿ.