ಐದು ಸಲ ‘ಬಾ’

ಅಸ್ಸಾಮಿನ ಕೊಕ್ರಝಾರ್‌ನಲ್ಲಿ ರೈಲು ಇಳಿದಾಗ ಜನವರಿಯ ಮಂಜು ಇನ್ನೂ ಕರಗಿರಲಿಲ್ಲ. ಪೇಟೆಯ ಬೋಡೋ ಭಾಷೆಯ ಬೋರ್ಡುಗಳನ್ನೆಲ್ಲ ಓದಬಲ್ಲೆ, ಒಂದೂ ಅರ್ಥವಾಗದು. ಆ ಭಾಷೆ 1975ರಿಂದ ದೇವನಾಗರಿಗೆ ಹೊರಳಿದೆ. ಶಾಲೆಯ ಹಿಂದಿ ಅಷ್ಟಕ್ಕೆ ಮಾತ್ರ ಒದಗಿತು.

ಗೆಳೆಯನ ಹಳ್ಳಿಮನೆಯ ಅಂಗಳದಲ್ಲಿ ಬಿದಿರಿನ ಪುಟ್ಟ ಬೇಲಿ, ಅದರ ನಡುವೆ ಒಂದು ಕಳ್ಳಿಗಿಡ. ನಮ್ಮ ಕಡೆ ದನ ನುಗ್ಗದಿರಲೆಂದು ಹೊಲದ ಬದುವಿಗೆ ನೆಡುವ ಕಳ್ಳಿ ಇಲ್ಲಿ ಬೇಲಿಯೊಳಗೆ ದೇವರಾಗಿ ನಿಂತಿತ್ತು! ಹೆಸರು ಸಿಜೌ, ಬೋಡೋ ಜನರ ಬಾಥೌ ದೇವರ ಗುರುತು.

ಗಾದೆ ಬರೆದುಕೊಳ್ಳಲೆಂದೇ ನೋಟ್‌ಬುಕ್ ಹೊತ್ತು ಹೋಗಿದ್ದೆ. ಗೆಳೆಯನ ಆಬೈ, ಅಂದರೆ ಅಜ್ಜಿ, ಒಂದನ್ನೂ ಹೇಳಲಿಲ್ಲ. ಕೇಳಿದರೆ ಯಾರಿಗೆ ತಾನೇ ನೆನಪಾಗುತ್ತದೆ? ನನ್ನ ಅಜ್ಜಿಗೂ ಬೈಯುವಾಗಲೇ ಗಾದೆ ಸರಾಗ. ಮಧ್ಯಾಹ್ನ ಸಾರಿಗೆ ಹುಳಿ ಬೇಕೆಂದು ಥೈಗಿರ್ ಕಾಯಿಯನ್ನು ಮುಂದಿಟ್ಟುಕೊಂಡಾಗ ತಾನಾಗಿ ಬಂತು:

ಥೈಗಿರ್ನಿ ಖೋಂಗಾ ಖೋಂಗ್‌ಬಾ,
ಸಿಜೌನಿ ಸಿರಿಯಾ ಸಿರಿಬಾ,
ಸಿಫುಂಗ್ನಿ ಗುದುಂಗಾ ಗುದುಂಗ್‌ಬಾ,
ಬಾಥೌನಿ ಬಾಂದೊವಾ ಬಾಂದೊಬಾ,
ಬರೊ ಬುರಾಯ್ನಿ ಆಸಾರಾ ಆಸಾರ್‌ಬಾ.

‘ಬಾ’ ಎಂದರೆ ಐದು. ಗೆಳೆಯ ಹಿಂದಿಯಲ್ಲಿ ಬಿಡಿಸಿ ಹೇಳುವ ಮೊದಲೇ ಅಜ್ಜಿ ಕತ್ತಿಯಿಂದ ಕಾಯಿಯ ದಪ್ಪ ಹಸಿರು ಎಸಳುಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದರು. ಒಂದರ ಮೇಲೊಂದು ಬಿಗಿದು ಕುಳಿತ ಎಸಳು. ಕಿತ್ತಲ್ಲಿ ಅಂಟು ಅಂಟು ರಸ. ಐದಾದ ಮೇಲೆ ಎಸಳಿಲ್ಲ. ಕೈ ಒರೆಸಿಕೊಂಡು ಅಂಗಳಕ್ಕೆ ಕರೆದೊಯ್ದು ಕಳ್ಳಿಯ ಏಣುಗಳನ್ನು ಎಣಿಸಿದರು, ಐದು. ಬೇಲಿಗೆ ಬಿಗಿದ ಬಿದಿರ ಕಟ್ಟುಗಳೂ ಐದು. ಮೊಮ್ಮಗ ಒಳಗಿನಿಂದ ಸಿಫುಂಗ್ ಕೊಳಲು ತಂದು ನನ್ನ ಕೈಗಿತ್ತ, ಐದು ತೂತು. ನನ್ನ ಉಸಿರಿಗೆ ಅದು ಬರೀ ಗಾಳಿ ಹೊರಡಿಸಿತು.

ಉಳಿದದ್ದು ಹಿರಿಯರ ಐದು ಆಚಾರ. ಅದಕ್ಕೆ ತೋರಿಸುವ ವಸ್ತುವಿಲ್ಲ. ಯಾವುವೆಂದು ಕೇಳಿದೆ. ಮೊಮ್ಮಗ ಒಂದು ಪಟ್ಟಿ ಕೊಟ್ಟ, ಅಜ್ಜಿ ಅರ್ಧಕ್ಕೇ ತಡೆದು ಬೇರೆ ಹೇಳಿದರು, ಇಬ್ಬರಿಗೂ ಜೋರು ವಾದ ಹತ್ತಿತು. ನನ್ನ ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮುಂದೆ ಇಂದಿಗೂ ಖಾಲಿ.

ಕನ್ನಡದಲ್ಲಿ ‘ಬಾ’ ಎಂದರೆ ಹತ್ತಿರ ಕರೆಯುವುದು, ಅದಕ್ಕೇ ನಿಮ್ಮ ಪದ್ಯ ಐದು ಸಲ ಕರೆದಂತೆ ಕೇಳಿಸಿತು ಎಂದೆ. ಮೊಮ್ಮಗ ತಿಳಿಸಿದ. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು. ತಮ್ಮಲ್ಲಿ ಕರೆಯುವುದಕ್ಕೆ ‘ಫೈ’ ಅನ್ನಬೇಕೆಂದು ತಿದ್ದಿ, ಎಸಳಿನ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ನಡೆದರು. ಬಾಗಿಲಲ್ಲಿ ತಿರುಗಿ ನನ್ನತ್ತ ನೋಡಿ, “ಬಾ” ಎಂದರು.